ಫಾರ್ಮ್ಯಾಟ್ ಮಾಡಿಸುವ ಮುಂಚೆ: ಕಳೆದುಹೋದ ವಿಂಡೋಸ್ ಕೀ ಸಿಗುತ್ತದೆಯೇ?

ಪ್ರಶ್ನೆ (ಬನಹಟ್ಟಿಯಿಂದ):
ನಮಸ್ಕಾರ ಸರ್. ನಮ್ಮದು ಪವರ್‌ಲೂಮ್, ಜೊತೆಗೆ ಸೀರೆ ವ್ಯಾಪಾರ. ಲೆಕ್ಕ ಬರೆಯುವ ಲ್ಯಾಪ್‌ಟಾಪ್ ತೀರಾ ನಿಧಾನ ಆಗಿದೆ, ಟ್ಯಾಲಿ ತೆರೆಯುವಷ್ಟರಲ್ಲಿ ಗಿರಾಕಿ ಎದ್ದು ಹೋಗಿರುತ್ತಾರೆ. ಹಳೆ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಅನ್ನುವ ವೇಗದ ಡಿಸ್ಕ್ ಹಾಕಿ ವಿಂಡೋಸ್ ಹೊಸದಾಗಿ ಹಾಕೋಣ ಅಂತ ರಿಪೇರಿ ಅಂಗಡಿಯವರು ಹೇಳಿದರು. "ನಿಮ್ಮ ಕೀ ಇದ್ದರೆ ತನ್ನಿ, ಇಲ್ಲಂದ್ರೆ ನಮ್ಮ ಹತ್ತಿರ ಇರೋದು ಹಾಕ್ತೀವಿ" ಅಂದರು. 2018ರಲ್ಲಿ ತಗೊಂಡಿದ್ದು, ವಿಂಡೋಸ್ 10 ಅದರಲ್ಲೇ ಬಂದಿತ್ತು. ಈಗ ಡಬ್ಬಿ ಇಲ್ಲ, ಬಿಲ್ಲೂ ಇಲ್ಲ, ಕೆಳಗಿನ ಸ್ಟಿಕರ್ ಮೇಲೆ ಕೀ ಇಲ್ಲ. ಏನು ಮಾಡಲಿ?

ಉತ್ತರ:
ಅಕ್ಕಾರೆ, ಗಾಬರಿ ಬೇಡ. ನಿಮ್ಮ ಕೀ, ಅಂದರೆ ವಿಂಡೋಸ್ ಲೈಸೆನ್ಸಿನ ಸಂಖ್ಯೆ, ಕಳೆದಿಲ್ಲ, ಲ್ಯಾಪ್‌ಟಾಪ್ ಒಳಗೇ ಇದೆ. ವಿಂಡೋಸ್ 7ರ ಕಾಲದಲ್ಲಿ 25 ಅಕ್ಷರದ ಕೀ ಸ್ಟಿಕರ್ ಮೇಲೆ ಬರುತ್ತಿತ್ತು. ಕೆಲವು ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ತೆಗೆದರೆ ಕಾಣುತ್ತಿತ್ತು. 2012ರಲ್ಲಿ ವಿಂಡೋಸ್ 8 ಬಂದ ಮೇಲೆ ಕಂಪನಿಗಳು ಕೀಯನ್ನು ಮದರ್‌ಬೋರ್ಡಿನ (ಒಳಗಿನ ಮುಖ್ಯ ಬೋರ್ಡು) ಬಯೋಸ್ ಚಿಪ್ಪಿನಲ್ಲೇ ಬರೆದು ಕಳಿಸುತ್ತವೆ. ಹಾಗಾಗಿ ಡಿಸ್ಕ್ ಬದಲಾದರೂ, ಫಾರ್ಮ್ಯಾಟ್ ಆದರೂ ಅದು ಅಳಿಯುವುದಿಲ್ಲ. ಉತಾರ ಸರ್ವೆ ನಂಬರಿಗೆ ಇರುವ ಹಾಗೆ, ಈ ಕೀ ಬೋರ್ಡಿಗೆ ಇರುತ್ತದೆ. ವಿಂಡೋಸ್ ಹಾಕುವಾಗ ಸೆಟಪ್ ತಾನೇ ಅದನ್ನು ಓದಿಕೊಳ್ಳುತ್ತದೆ, ನೀವು ಏನೂ ಟೈಪ್ ಮಾಡಬೇಕಾಗಿಲ್ಲ.

ಆದರೂ ಕಣ್ಣಾರೆ ನೋಡಿಕೊಂಡರೆ ಒಳ್ಳೆಯದು. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಶೋಕೀಪ್ಲಸ್ ಅಂತ ಒಂದು ಉಚಿತ ಆ್ಯಪ್ ಇದೆ. ಈಗ ಹಾಕಿರುವ ಕೀ, ಬೋರ್ಡಿನಲ್ಲಿರುವ ಕೀ ಎರಡನ್ನೂ ಬೇರೆ ಬೇರೆಯಾಗಿ ತೋರಿಸುತ್ತದೆ. ಬೋರ್ಡಿನದ್ದನ್ನು ಡೈರಿಯಲ್ಲಿ ಬರೆದಿಡಿ. ಯೂಟ್ಯೂಬಿನಲ್ಲಿ ಡಬ್ಲ್ಯೂಎಂಐಸಿ ಅಂತ ಶುರುವಾಗುವ ಕಮಾಂಡ್ ತೋರಿಸುತ್ತಾರಲ್ಲ, ಅದೂ ನಿಮ್ಮ ವಿಂಡೋಸ್ 10ರಲ್ಲಿ ನಡೆಯುತ್ತದೆ.

ಈಗ ಮುಖ್ಯವಾದ ಮಾತು. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ಗೆ ಹೋಗಿ ನಿಮ್ಮದು ಯಾವ ಎಡಿಶನ್ ಅಂತ ನೋಡಿ. ನಮ್ಮಲ್ಲಿ ಮಾರುವ ಲ್ಯಾಪ್‌ಟಾಪುಗಳಲ್ಲಿ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಜಾಸ್ತಿ. ಅಂಗಡಿಯ ಪೆನ್‌ಡ್ರೈವ್‌ನಲ್ಲಿ ಪ್ರೊ ಇದ್ದು ಅದನ್ನೇ ಹಾಕಿಬಿಟ್ಟರೆ ನಿಮ್ಮ ಕೀ ಅದಕ್ಕೆ ಹೊಂದುವುದಿಲ್ಲ, ಆ್ಯಕ್ಟಿವೇಟ್ ಆಗಲ್ಲ, ಆಮೇಲೆ ಯಾವುದೋ ಆ್ಯಕ್ಟಿವೇಟರ್ (ಲೈಸೆನ್ಸ್ ಇಲ್ಲದೆಯೂ ಇದೆ ಅಂತ ತೋರಿಸುವ ಕಳ್ಳ ಸಾಫ್ಟ್‌ವೇರ್) ಹಾಕಿ ಕೊಡುತ್ತಾರೆ. ದುಡ್ಡು ಕೊಟ್ಟು ತಗೊಂಡ ಲೈಸೆನ್ಸ್ ಬೋರ್ಡಿನಲ್ಲೇ ಮಲಗಿರುತ್ತದೆ, ನೀವು ಮಾತ್ರ ಕಳ್ಳ ವಿಂಡೋಸ್ ಬಳಸುತ್ತಿರುತ್ತೀರಿ. ಅದರ ಮೇಲೆ ಜಿಎಸ್‌ಟಿ, ಬ್ಯಾಂಕ್ ಪಾಸ್‌ವರ್ಡ್ ಎಲ್ಲ ಟೈಪ್ ಮಾಡುತ್ತೀರಿ ಅನ್ನುವುದೇ ನನಗೆ ಚಿಂತೆ. "ನಮ್ಮ ಹತ್ತಿರ ಇರೋದು" ಬೇಡ ಅಂತ ಖಡಾಖಂಡಿತ ಹೇಳಿ. ಮೈಕ್ರೋಸಾಫ್ಟ್ ಸೈಟಿನಿಂದ ಇಳಿಸಿದ್ದನ್ನೇ, ಅದೇ ಎಡಿಶನ್ನನ್ನೇ ಹಾಕಿಸಿ.

ಇನ್ನೊಂದು, ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮದು ಇಂಟೆಲ್ 8ನೇ ಪೀಳಿಗೆಯದ್ದಾಗಿದ್ದು ಟಿಪಿಎಂ 2.0 ಅನ್ನುವ ಭದ್ರತಾ ಸೌಲಭ್ಯ ಇದ್ದರೆ ನೇರ ವಿಂಡೋಸ್ 11 ಹಾಕಿಸಿ. ಅದೇ ಎಡಿಶನ್ ಆದರೆ ಈ ಕೀಯೇ ಸಾಕು.

ಪ್ರಶ್ನೆ (ವಿಜಯಪುರದಿಂದ):
ಸರ್, ನನ್ನದು ಡೆಸ್ಕ್‌ಟಾಪ್. ವಿಂಡೋಸ್ 7 ಇತ್ತು, ಆಮೇಲೆ ಫ್ರೀ ಅಪ್‌ಗ್ರೇಡ್‌ನಲ್ಲಿ 10 ಆಯಿತು. ಈಗ ಆನ್ ಆದರೂ ವಿಂಡೋಸ್ ಬರುವುದಿಲ್ಲ. ಸ್ಟಿಕರ್ ಅಳಿಸಿಹೋಗಿದೆ. ಕೀ ತೆಗೆಯೋದು ಹೇಗೆ?

ಉತ್ತರ:
ತಮ್ಮಾ, ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಚ್ಚಿದರೆ ಪ್ರೊಡ್ಯೂಕೀ ಅನ್ನುವ ಸಾಫ್ಟ್‌ವೇರ್ ಆ ಡಿಸ್ಕಿನ ವಿಂಡೋಸ್ ಫೋಲ್ಡರಿನಿಂದ ಕೀ ಓದಿ ಕೊಡುತ್ತದೆ. ಆಂಟಿವೈರಸ್ ಅದನ್ನು ವೈರಸ್ ಅಂತ ಕೂಗಬಹುದು, ಅದನ್ನು ಮಾಡಿದವರ ಸೈಟಿನಿಂದಲೇ ಇಳಿಸಿಕೊಳ್ಳಿ. ಆದರೆ ನಿಮಗೆ ಅದರ ಉಪಯೋಗ ಇಲ್ಲ. ಫ್ರೀ ಅಪ್‌ಗ್ರೇಡ್ ಆದ ಕಂಪ್ಯೂಟರಿನಲ್ಲಿ ಸಿಗುವುದು ಎಲ್ಲರಿಗೂ ಒಂದೇ ಆದ ಸಾಮಾನ್ಯ ಕೀ. ಪ್ರೊ ಆದರೆ ಕೊನೆಯ ಐದು ಅಕ್ಷರ 3ವಿ66ಟಿ, ಹೋಮ್ ಆದರೆ 8ಎಚ್‌ವಿಎಕ್ಸ್7. ಅದನ್ನು ಬರೆದಿಟ್ಟು ಏನೂ ಆಗುವುದಿಲ್ಲ.

ನಿಮ್ಮ ನಿಜವಾದ ಲೈಸೆನ್ಸ್ ಮೈಕ್ರೋಸಾಫ್ಟ್ ಸರ್ವರಿನಲ್ಲಿದೆ, ನಿಮ್ಮ ಮದರ್‌ಬೋರ್ಡಿನ ಗುರುತಿನ ಮೇಲೆ. ಇದಕ್ಕೆ ಡಿಜಿಟಲ್ ಲೈಸೆನ್ಸ್ ಅನ್ನುತ್ತಾರೆ. ಬೋರ್ಡ್ ಅದೇ ಇದ್ದರೆ, ಸೆಟಪ್ ಕೀ ಕೇಳಿದಾಗ "ನನ್ನ ಬಳಿ ಕೀ ಇಲ್ಲ" ಅನ್ನುವುದನ್ನು ಒತ್ತಿ, ಮುಂಚೆ ಇದ್ದ ಎಡಿಶನ್ನೇ ಆರಿಸಿ ಹಾಕಿ. ನೆಟ್ ಹಚ್ಚಿದ ಮೇಲೆ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಕೆಟ್ಟಿದ್ದು ಬೋರ್ಡೇ ಆಗಿದ್ದರೆ ಮಾತು ಬೇರೆ. ಹಳೆ ವಿಂಡೋಸ್ 7 ಕೀ ಹಾಕಿ 10 ಆ್ಯಕ್ಟಿವೇಟ್ ಮಾಡುವ ದಾರಿಯನ್ನು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲಿ ಮುಚ್ಚಿದೆ. ಹಾಗಾಗಿ ಅಳಿಸಿದ ಸ್ಟಿಕರನ್ನು ಭೂತಗನ್ನಡಿ ಹಿಡಿದು ಓದುವ ಕಷ್ಟ ಬೇಡ.

ಪ್ರಶ್ನೆ (ಗೋಕಾಕದಿಂದ):
ಸರ್, ನನ್ನದೂ ನೋಡಿದೆ. ರನ್‌ನಲ್ಲಿ ಎಸ್‌ಎಲ್‌ಎಂಜಿಆರ್, ಜಾಗ ಬಿಟ್ಟು ಓರೆಗೆರೆ, ಡಿಎಲ್‌ಐ ಅಂತ ಇಂಗ್ಲಿಷಿನಲ್ಲಿ ಹೊಡೆದರೆ ವಾಲ್ಯೂಮ್ ಕೆಎಂಎಸ್ ಕ್ಲೈಂಟ್ ಅಂತ ಬಂತು. ಮನೆಯ ಕಂಪ್ಯೂಟರ್ ಇದು, ಅಸೆಂಬಲ್ ಮಾಡಿಸಿದ್ದು. ಈ ಕೀ ಬರೆದಿಟ್ಟರೆ ನಡೆಯುತ್ತಾ?

ಉತ್ತರ:
ನಡೆಯುವುದಿಲ್ಲ. ಕಂಪನಿ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಅಲ್ಲಿ ಓಇಎಂ ಡಿಎಂ ಅಂತ ಬರುತ್ತದೆ, ಬಿಡಿಯಾಗಿ ಕೊಂಡಿದ್ದರೆ ರಿಟೇಲ್. ಕೆಎಂಎಸ್ ಇರುವುದು ದೊಡ್ಡ ಆಫೀಸು, ಕಾಲೇಜುಗಳಿಗೆ. ಅಲ್ಲಿನ ಸರ್ವರ್ ಒಂದು ಸಲ ಒಪ್ಪಿದರೆ 180 ದಿನ ನಡೆಯುತ್ತದೆ, ಮತ್ತೆ ಒಪ್ಪಿಗೆ ಬೇಕು. ಮನೆಯ ಕಂಪ್ಯೂಟರಿನಲ್ಲಿ ಅದು ಕಂಡರೆ ಆ್ಯಕ್ಟಿವೇಟರ್ ಹಾಕಿದ್ದಾರೆ ಅಂತಲೇ ತಿಳಿಯಿರಿ. ಹುಡುಕಿ ತೆಗೆಯುವಂಥ ಕೀ ಅಲ್ಲಿ ಇಲ್ಲ. ಹೊಸದಾಗಿ ಹಾಕಿಸುವಾಗ ರಿಟೇಲ್ ಲೈಸೆನ್ಸ್ ಬಿಲ್ ಸಮೇತ ತಗೊಳ್ಳಿ. ಮುಂದೆ ಬೋರ್ಡ್ ಬದಲಿಸಿದರೂ ಅದನ್ನು ಒಯ್ಯಬಹುದು. ಆನ್‌ಲೈನಿನಲ್ಲಿ ನೂರಿನ್ನೂರಕ್ಕೆ ಸಿಗುವ ಕೀಗಳ ಹಿಂದೆ ಹೋಗಬೇಡಿ.

ಪ್ರಶ್ನೆ (ಮತ್ತೆ ಬನಹಟ್ಟಿಯಿಂದ):
ಸರ್, ನೋಡಿದೆ. ಹೋಮ್ ಸಿಂಗಲ್ ಲ್ಯಾಂಗ್ವೇಜ್ ಇದೆ, ಬೋರ್ಡಿನ ಕೀ ಕೂಡ ಸಿಕ್ಕಿತು! ಆಫೀಸ್ 2016 ಕೂಡ ದುಡ್ಡು ಕೊಟ್ಟು ತಗೊಂಡಿದ್ದೆವು, ಟ್ಯಾಲಿ ಲೈಸೆನ್ಸ್ ಇದೆ. ಅವೂ ಬೋರ್ಡಿನಲ್ಲೇ ಇರುತ್ತವೆಯೇ?

ಉತ್ತರ:
ಇಲ್ಲ ಅಕ್ಕಾರೆ, ಕೇಳಿದ್ದು ಒಳ್ಳೆಯದಾಯಿತು. ವಿಂಡೋಸ್ ಹುಡುಕಾಟದಲ್ಲಿ ಜನ ಇವನ್ನೇ ಮರೆಯುತ್ತಾರೆ, ನಿಜವಾಗಿ ಕಳೆದುಕೊಳ್ಳುವುದೂ ಇವನ್ನೇ.

ಆಫೀಸ್ 2010ರವರೆಗೆ ಪೂರ್ತಿ ಕೀ ಕಂಪ್ಯೂಟರಿನಲ್ಲಿ ಇರುತ್ತಿತ್ತು, ತೆಗೆಯಬಹುದಿತ್ತು. 2013ರಿಂದ ಕೊನೆಯ ಐದು ಅಕ್ಷರ ಮಾತ್ರ ಉಳಿಯುತ್ತದೆ. ಯಾವ ಸಾಫ್ಟ್‌ವೇರ್ ಹಾಕಿದರೂ ಉಳಿದ ಇಪ್ಪತ್ತು ಬರುವುದಿಲ್ಲ. ನಿಮ್ಮ ಆಫೀಸ್ ಮೊದಲ ಸಲ ಹಾಕಿದಾಗ ಯಾವುದೋ ಇಮೇಲ್ ಕೊಟ್ಟಿರುತ್ತೀರಿ, ಲೈಸೆನ್ಸ್ ಆ ಮೈಕ್ರೋಸಾಫ್ಟ್ ಖಾತೆಗೆ ಸೇರಿರುತ್ತದೆ. ವರ್ಡ್ ತೆರೆದು ಫೈಲ್, ಅಕೌಂಟ್ ಒತ್ತಿ ಯಾವ ಇಮೇಲ್ ಇದೆ ಅಂತ ಈಗಲೇ ನೋಡಿ. ಅದರ ಪಾಸ್‌ವರ್ಡ್ ನೆನಪಿದೆಯೇ ಅಂತ ಫೋನಿನಲ್ಲಿ ಲಾಗಿನ್ ಆಗಿ ಪರೀಕ್ಷೆ ಮಾಡಿ. ಅದೇ ಖಾತೆಯಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ರಿಕವರಿ ಕೀ ಇದ್ದರೆ ಆ 48 ಅಂಕಿಗಳನ್ನೂ ಬರೆದಿಡಿ. ಹಳೆ ಡಿಸ್ಕಿಗೆ ಎನ್‌ಕ್ರಿಪ್ಷನ್ ಆಗಿದ್ದರೆ, ಬೇರೆ ಕಂಪ್ಯೂಟರಿಗೆ ಹಚ್ಚಿದಾಗ ಅದು ಈ ಅಂಕಿಗಳನ್ನೇ ಕೇಳುತ್ತದೆ.

ಟ್ಯಾಲಿ ಲೈಸೆನ್ಸನ್ನು ಡಿಸ್ಕ್ ಬಿಚ್ಚುವ ಮುಂಚೆಯೇ ಸರೆಂಡರ್ ಮಾಡಬೇಕು, ಅಂದರೆ ಟ್ಯಾಲಿ ಕಂಪನಿಗೆ ಬಿಟ್ಟುಕೊಡಬೇಕು. ನೆಟ್ ಇರುವಾಗ ಟ್ಯಾಲಿಯ ಲೈಸೆನ್ಸ್ ಮೆನುವಿನಲ್ಲೇ ಆ ಆಯ್ಕೆ ಇದೆ. ಮಾಡದೆ ಬಿಟ್ಟರೆ, ಹಳೆ ಡಿಸ್ಕಿನಲ್ಲಿ ಲೈಸೆನ್ಸ್ ಇನ್ನೂ ಓಡುತ್ತಿದೆ ಅಂತಲೇ ಲೆಕ್ಕದಲ್ಲಿ ಉಳಿಯುತ್ತದೆ, ಹೊಸದರಲ್ಲಿ ಹಾಕಲು ಹೋದಾಗ ತಕರಾರು. ಸೀರಿಯಲ್ ನಂಬರ್, ಅದಕ್ಕೆ ಸೇರಿದ ಇಮೇಲ್ ಬರೆದುಕೊಳ್ಳಿ. ಟ್ಯಾಲಿಯಲ್ಲೇ ಬ್ಯಾಕಪ್ ತೆಗೆದು ಪೆನ್‌ಡ್ರೈವ್‌ಗೆ ಹಾಕಿ, ಅದು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆಯುತ್ತದೆಯೇ ಅಂತಲೂ ನೋಡಿ.

ಪ್ರಶ್ನೆ (ಬನಹಟ್ಟಿಯಿಂದ):
ಹಳೆ ಡಿಸ್ಕ್ ಅಂಗಡಿಯವರಿಗೇ ಬಿಟ್ಟು ಬರಬಹುದಾ ಸರ್? ಎಕ್ಸ್‌ಚೇಂಜ್ ಅಂತ ಸ್ವಲ್ಪ ಬಿಡ್ತೀವಿ ಅಂದರು.

ಉತ್ತರ:
ಬೇಡ. ಅದರಲ್ಲಿ ನಿಮ್ಮ ಅಷ್ಟೂ ವರ್ಷದ ಲೆಕ್ಕ, ಗಿರಾಕಿಗಳ ಹೆಸರು ಎಲ್ಲ ಇದೆ. ಫಾರ್ಮ್ಯಾಟ್ ಮಾಡಿಸದೆ ಹಾಗೇ ವಾಪಸ್ ಇಸ್ಕೊಳ್ಳಿ, ಒಂದೆರಡು ತಿಂಗಳು ಕಪಾಟಿನಲ್ಲಿಡಿ. ಹೊಸದರಲ್ಲಿ ಆಫೀಸ್, ಟ್ಯಾಲಿ, ಪ್ರಿಂಟರ್ ಎಲ್ಲ ಸರಿ ನಡೆದು, ಒಂದು ಜಿಎಸ್‌ಟಿ ರಿಟರ್ನ್ ಅದರಿಂದ ಹೋದ ಮೇಲೆ ಬೇಕಿದ್ದರೆ ಅಳಿಸಿ ಬ್ಯಾಕಪ್‌ಗೆ ಬಳಸಿ.