ಪಾಟೀಸವಾಲಿನ ಮೂರು ನಿಮಿಷ ಸುಮ್ನೆ ಹಾಳಾಗುತ್ತಿದೆ, ಏನು ಮಾಡಲಿ?

ಡಿಬೇಟ್‌ನಲ್ಲಿ ನನ್ನ ಭಾಷಣ ಪರವಾಗಿಲ್ಲ. ಆದರೆ ಎದುರು ತಂಡಕ್ಕೆ ಪ್ರಶ್ನೆ ಕೇಳಲು ಸಿಗುವ 3 ನಿಮಿಷದಲ್ಲಿ ಅವರೇ ಇನ್ನೊಂದು ಭಾಷಣ ಮಾಡಿ ಮುಗಿಸುತ್ತಾರೆ, ನಾನು ಬಾಯಿ ಬಿಟ್ಟುಕೊಂಡು ನಿಂತಿರುತ್ತೇನೆ. ಅನುಭವ ಇದ್ದವರು ಹೇಳಿ.

—

ನೀವು "ಯಾಕೆ" ಅಂತ ಕೇಳುತ್ತಿರಬೇಕು. ನಾನೂ ಎರಡು ವರ್ಷ ಅದನ್ನೇ ಮಾಡಿದೆ. "ನಿಮ್ಮ ಯೋಜನೆ ಯಾಕೆ ಒಳ್ಳೆಯದು?" ಅಂದರೆ ಮೈಕ್ ಅವರ ಕೈಗೆ ಕೊಟ್ಟ ಹಾಗೆ. ಈಗ ಒಂದು ದೊಡ್ಡ ಪ್ರಶ್ನೆಯನ್ನು ಮೂರ್ನಾಲ್ಕು ಚಿಕ್ಕದಾಗಿ ಒಡೆಯುತ್ತೇನೆ. ಒಮ್ಮೆ ಶಾಲೆಯಲ್ಲಿ ಮೊಬೈಲ್ ನಿಷೇಧದ ವಿಷಯ ಬಂದಿತ್ತು, ಅವರು ಒಂದು ಅಧ್ಯಯನ ಓದಿದರು.

"ಅದು ಒಂದೇ ಶಾಲೆಯದ್ದು ಅಲ್ವಾ?" ಹೌದು.
"ಅಲ್ಲಿಯ ಮಕ್ಕಳೆಲ್ಲ ಹಾಸ್ಟೆಲ್‌ನಲ್ಲಿ ಇರುವವರು?" ಹೌದು.
"ನಿಮ್ಮ ನಿಯಮ ಮನೆಯಿಂದ ಬಂದುಹೋಗುವ ಮಕ್ಕಳಿಗೂ?" ಸ್ವಲ್ಪ ತಡೆದು, ಹೌದು.

ಥ್ಯಾಂಕ್ಸ್ ಹೇಳಿ ಬೇರೆ ವಿಷಯಕ್ಕೆ ಹೋದೆ. "ಹಾಗಾದರೆ ನಿಮ್ಮ ಅಧ್ಯಯನದಿಂದ ಏನು ಬಂತು?" ಅಂತ ಕೇಳಲು ನಾಲಿಗೆ ತುರಿಸುತ್ತಿತ್ತು. ಕೇಳಿದ್ದರೆ ತಪ್ಪಿಸಿಕೊಳ್ಳಲು ನಾನೇ ಬಾಗಿಲು ತೆಗೆದ ಹಾಗಾಗುತ್ತಿತ್ತು.

—

ಮೇಲಿನವರು ಹೇಳಿದ್ದು ಸರಿ, ಆದರೆ ಆ "ಹೌದು" ಮುಂದಿನ ಭಾಷಣದಲ್ಲಿ ಬರದಿದ್ದರೆ ವ್ಯರ್ಥ. ಎಷ್ಟೋ ತೀರ್ಪುಗಾರರು ಪಾಟೀಸವಾಲಿನ ಹೊತ್ತಲ್ಲಿ ಪೆನ್ ಕೆಳಗಿಡುತ್ತಾರೆ. ನಮ್ಮಲ್ಲಿ ಒಮ್ಮೆ ನಾನು ಕಷ್ಟಪಟ್ಟು ಒಪ್ಪಿಗೆ ತೆಗೆದುಕೊಂಡೆ, ಜೊತೆಗಾತಿ ಆಗ ತನ್ನ ಭಾಷಣಕ್ಕೆ ಪಾಯಿಂಟ್ಸ್ ಬರೆಯುತ್ತಾ ಕೂತಿದ್ದಳು, ಅವಳಿಗೆ ಕೇಳಿಸಿಯೇ ಇರಲಿಲ್ಲ! ಸೋತೆವು. ಈಗ ಉತ್ತರವನ್ನು ಅವರದೇ ಮಾತಿನಲ್ಲಿ ಚೀಟಿಯಲ್ಲಿ ಬರೆದು ಅವಳ ಮುಂದೆ ಇಡುತ್ತೇನೆ.

—

ಬರೀ ಹೌದು-ಇಲ್ಲ ಪ್ರಶ್ನೆ ಕೇಳುತ್ತಿದ್ದರೆ ಪೊಲೀಸರ ವಿಚಾರಣೆ ತರಹ ಕಾಣುತ್ತದೆ, ನನಗಂತೂ ಅದು ಇಷ್ಟವಿಲ್ಲ. "ಹಣ ಎಲ್ಲಿಂದ ಬರುತ್ತದೆ?", "ಜಾರಿ ಮಾಡುವವರು ಯಾರು?" ಅಂತ ಮೊದಲೇ ಕೇಳಿಬಿಡಿ, ಆಮೇಲೆ ಅವರು ಮಾತು ಬದಲಿಸಲು ಆಗುವುದಿಲ್ಲ. ಉದ್ದ ಎಳೆದರೆ "ಅರ್ಥವಾಯಿತು, ಥ್ಯಾಂಕ್ಸ್" ಅಂತ ನಗುತ್ತಲೇ ತಡೆಯಿರಿ. ಮುಖ ತೀರ್ಪುಗಾರರ ಕಡೆ ಇರಲಿ, ಎದುರಾಳಿಯ ಕಡೆ ಅಲ್ಲ.

—

ಬ್ರಿಟಿಷ್ ಪಾರ್ಲಿಮೆಂಟರಿ ಮಾದರಿಯ ಡಿಬೇಟ್‌ನಲ್ಲಿ ಪ್ರಶ್ನೆಗೆ ಹೀಗೆ ಬೇರೆ ಸಮಯ ಸಿಗುವ ಸೌಕರ್ಯ ಇಲ್ಲ ಬಿಡಿ. ಎದುರಾಳಿಯ 7 ನಿಮಿಷದ ಭಾಷಣದ ನಡುವೆಯೇ, ಮೊದಲ ಮತ್ತು ಕೊನೆಯ ನಿಮಿಷ ಬಿಟ್ಟು, ಪ್ರಶ್ನೆ ಕೇಳಲು ಎದ್ದು ನಿಲ್ಲಬೇಕು, ಅವರು ಕರೆದರೆ 15 ಸೆಕೆಂಡ್. ಪೀಠಿಕೆ ಹಾಕಿದರೆ ಪ್ರಶ್ನೆಗೇ ಜಾಗ ಇರಲ್ಲ.

—

ಎಲ್ಲರಿಗೂ ಥ್ಯಾಂಕ್ಸ್. ಕಳೆದ ಸಲದ ಹಾಳೆ ತೆಗೆದು ನೋಡಿದೆ. ಏಳು ಪ್ರಶ್ನೆಯಲ್ಲಿ ಐದು "ಯಾಕೆ".