ಬಿಎಸ್‌ಸಿ ಮುಗೀತಾ ಇದೆ, ಎಡಿಟಿಂಗ್ ಕಲಿಯಬೇಕು: ಪುಣೆಯೋ, ಇಲ್ಲೇ ಎಂಎಯೋ, ನೇರ ಕೆಲಸವೋ?

ತುಂಗಾತೀರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಬಿಎಸ್‌ಸಿ ಕೊನೆಯ ವರ್ಷದಲ್ಲಿದ್ದೇನೆ. ಭೌತಶಾಸ್ತ್ರ, ಗಣಿತ ನನ್ನ ವಿಷಯ. ಮುಂದೆ ಸಿನಿಮಾ ಅಥವಾ ಟಿವಿ ಎಡಿಟಿಂಗ್ ಕಲಿಯಬೇಕು ಅಂತ ಮನಸ್ಸು ಗಟ್ಟಿ ಮಾಡಿದ್ದೇನೆ.

ಈ ಹುಚ್ಚು ಹತ್ತಿದ್ದು ನಮ್ಮ ಕಾಲೇಜಿನ ನಾಟಕದಿಂದ. ಎರಡು ಮೊಬೈಲ್‌ನಲ್ಲಿ ಶೂಟ್ ಮಾಡಿದ್ದೆವು. ಒಂದು ಮುಂದಿನ ಸಾಲಿನಿಂದ, ಇನ್ನೊಂದು ಪಕ್ಕದ ಮೆಟ್ಟಿಲಿನಿಂದ. ಡಾವಿಂಚಿ ರಿಸಾಲ್ವ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಹಾಕಿಕೊಂಡು ನಾನೇ ಕಟ್ ಮಾಡಿದೆ. ತಾಯಿ ಮಗನನ್ನು ಬೈಯುವ ಒಂದು ದೃಶ್ಯ ಇತ್ತು. ತಾಯಿಯ ಮುಖ ಇಟ್ಟಾಗ ಅದು ಬೈಗುಳ. ಮಾತು ಅದೇ, ಆದರೆ ಕೇಳುತ್ತಿರುವ ಮಗನ ಮುಖ ಇಟ್ಟೆ. ಆಗ ಅವಳು ಅಳುತ್ತಿದ್ದಾಳೆ ಅನ್ನಿಸಿತು. ಅವತ್ತು ರಾತ್ರಿ ಅದನ್ನೇ ತಿರುಗಿಸಿ ಮುರುಗಿಸಿ ನೋಡುತ್ತಾ ಕೂತಿದ್ದೆ.

ನನ್ನ ಮುಂದೆ ಮೂರು ದಾರಿ ಇವೆ. ಒಂದು, ಪುಣೆಯ ಸರ್ಕಾರಿ ಫಿಲ್ಮ್ ಮತ್ತು ಟಿವಿ ಸಂಸ್ಥೆ ಎಫ್‌ಟಿಐಐ ಅಥವಾ ಕೋಲ್ಕತ್ತಾದ ಸತ್ಯಜಿತ್ ರೇ ಫಿಲ್ಮ್ ಸಂಸ್ಥೆಗೆ ಪರೀಕ್ಷೆ ಬರೆಯುವುದು. ಎರಡು, ಮನೆಯಿಂದಲೇ ಓಡಾಡಬಹುದಾದ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಎಂಎ. ಮೂರು, ಬೆಂಗಳೂರಿಗೆ ಹೋಗಿ ಯಾವುದಾದರೂ ಸೀರಿಯಲ್‌ಗೆ ಸಹಾಯಕ ಎಡಿಟರ್ ಆಗಿ ಸೇರುವುದು.

ಅಪ್ಪ ಎರಡನೆಯದಕ್ಕೆ ಮಾತ್ರ ಒಪ್ಪುತ್ತಾರೆ. ಅಮ್ಮನಿಗೆ ರಾತ್ರಿ ಪಾಳಿಯ ಚಿಂತೆ. ನನಗೆ ಇಂಗ್ಲಿಷಿನ ಚಿಂತೆ, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈ ದಾರಿಯಲ್ಲಿ ನಡೆದವರು ಇದ್ದರೆ ದಯವಿಟ್ಟು ಹೇಳಿ.

ಇನ್ನೊಂದು ಸಣ್ಣ ಪ್ರಶ್ನೆ. ಆ ನಾಟಕದ ವಿಡಿಯೋದಲ್ಲಿ ಶುರುವಿನಲ್ಲಿ ತುಟಿಗೂ ಮಾತಿಗೂ ಸರಿಯಾಗಿ ಹೊಂದುತ್ತಿತ್ತು. ಕೊನೆಗೆ ಬರುವಷ್ಟರಲ್ಲಿ ಮಾತು ಹಿಂದೆ ಬಿತ್ತು. ಯಾಕೆ?

ಬೂಮ್ ಕೋಲು ಉತ್ತರಿಸಿದ್ದು:

ನಾನು ಪುಣೆಯಲ್ಲಿ ಸೌಂಡ್ ಓದಿದವನು. ಈಗ ಬೆಂಗಳೂರಿನಲ್ಲಿ ಅದೇ ಕೆಲಸ. ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಕೇಳುವವನ ಮುಖ ಇಟ್ಟರೆ ಹೇಳುವವಳ ಮಾತು ಬದಲಾಗುತ್ತದೆ ಅನ್ನುವುದನ್ನು ಯಾರೂ ಹೇಳಿಕೊಡದೆ ಕಂಡುಕೊಂಡಿದ್ದೀರಿ. ಎಡಿಟಿಂಗ್ ತರಗತಿ ಶುರುವಾಗುವುದೇ ಅಲ್ಲಿಂದ.

ಮೊದಲು ಅರ್ಹತೆಯ ಮಾತು. ಎಫ್‌ಟಿಐಐಯಲ್ಲಿ ಸಿನಿಮಾ ಎಡಿಟಿಂಗ್‌ಗೆ ಯಾವುದೇ ಪದವಿ ಸಾಕು. ಪಿಯುಸಿಯಲ್ಲಿ ಭೌತಶಾಸ್ತ್ರ ಓದಿರುವುದರಿಂದ ಸೌಂಡ್ ವಿಭಾಗದ ಬಾಗಿಲೂ ನಿಮಗೆ ತೆರೆದಿದೆ. ಇದು ಹೆಚ್ಚು ಜನರಿಗೆ ಗೊತ್ತಿರುವುದಿಲ್ಲ. ಸಿನಿಮಾ ವಿಭಾಗದ ಎಡಿಟಿಂಗ್ ಮೂರು ವರ್ಷದ ಕೋರ್ಸು. ಟಿವಿ ವಿಭಾಗದಲ್ಲಿ ಒಂದು ವರ್ಷದ ವಿಡಿಯೋ ಎಡಿಟಿಂಗ್ ಬೇರೆಯೇ ಇದೆ. ಮೂರು ವರ್ಷ ಕಾಯಲು ಆಗದವರು ಅದನ್ನು ಗಂಭೀರವಾಗಿ ನೋಡಬೇಕು. ಒಂದೊಂದು ವಿಭಾಗಕ್ಕೆ ಕೆಲವೇ ಸೀಟು ಅಷ್ಟೇ. ಲಿಖಿತ ಪರೀಕ್ಷೆ, ಆಮೇಲೆ ಸಂದರ್ಶನ. ಒಂದೇ ಸಲಕ್ಕೆ ಸಿಗದಿರುವುದು ಮಾಮೂಲಿ.

ಈಗ ಮುಖ್ಯ ವಿಷಯ. ಕ್ಯಾಮೆರಾ ಹಿಡಿಯುವುದು, ಸಾಫ್ಟ್‌ವೇರ್ ಒತ್ತುವುದು ಇವತ್ತು ಎಲ್ಲಿ ಬೇಕಾದರೂ ಕಲಿಯಬಹುದು. ಒಳ್ಳೆಯ ಫಿಲ್ಮ್ ಸ್ಕೂಲಿನಲ್ಲಿ ಸಿಗುವುದು ಬೇರೆ. ಅಲ್ಲಿ ಬೇರೆಯವರ ಸಿನಿಮಾಕ್ಕೆ ನೀವು ಕೆಲಸ ಮಾಡಲೇಬೇಕು, ಮತ್ತು ಮಾಡಿದ ಪ್ರತಿಯೊಂದಕ್ಕೂ ಎಲ್ಲರ ಎದುರು ಉತ್ತರ ಕೊಡಲೇಬೇಕು.

ನಮ್ಮ ಕಾಲದಲ್ಲಿ ಎರಡನೇ ವರ್ಷ ‘ಡಯಲಾಗ್’ ಅಂತ ಒಂದು ಅಭ್ಯಾಸ ಇತ್ತು. ಪಾತ್ರಗಳು ಮಾತಾಡುವ ಒಂದು ಚಿಕ್ಕ ಚಿತ್ರ. ನಿರ್ದೇಶನ, ಕ್ಯಾಮೆರಾ, ಸೌಂಡ್, ಎಡಿಟಿಂಗ್ ವಿಭಾಗದಿಂದ ಒಬ್ಬೊಬ್ಬರು ಸೇರಿ ಮಾಡಬೇಕು. ಫಿಲ್ಮ್ ರೋಲ್ ಅಳೆದು ಕೊಡುತ್ತಿದ್ದರು. 16 ಎಂಎಂನ 400 ಅಡಿಯ ರೋಲ್ ಅಂದರೆ ಸುಮಾರು 11 ನಿಮಿಷ, ಅಷ್ಟೇ. ಒಂದು ಟೇಕ್ ಹೆಚ್ಚು ತೆಗೆದರೆ ಇನ್ನೊಂದು ಶಾಟ್ ಇಲ್ಲ. ನಮ್ಮ ತಂಡದ ನಿರ್ದೇಶಕ ಒಂದು ಉದ್ದದ ಶಾಟ್ ತೆಗೆದ. ಅಜ್ಜಿಯೊಬ್ಬಳು ಅಡುಗೆಮನೆಯಿಂದ ಹೊರಗೆ ಬಂದು ಕೂರುವ ಶಾಟ್. ನೋಡಲು ಚೆಂದ ಇತ್ತು. ನಮ್ಮ ಎಡಿಟರ್ ಗೆಳತಿ ಅದನ್ನು ಅರ್ಧಕ್ಕೆ ಕತ್ತರಿಸಿದಳು. ನಿರ್ದೇಶಕ ಊಟ ಬಿಟ್ಟ. ಅವಳು ನನ್ನ ಹತ್ತಿರ ಬಂದು, ಆ ಕೋಣೆಯ ಮೌನ ರೆಕಾರ್ಡ್ ಮಾಡಿದ್ದೀಯಾ ಅಂತ ಕೇಳಿದಳು. ಮಾಡಿದ್ದೆ. ಶೂಟಿಂಗ್ ಮುಗಿದ ಮೇಲೆ ಎಲ್ಲರನ್ನೂ ಸುಮ್ನೆ ನಿಲ್ಲಿಸಿ, ನಾಗ್ರಾ ಯಂತ್ರದಲ್ಲಿ ಆ ಕೋಣೆಯ ಸದ್ದನ್ನು ಮಾತ್ರ ಹಿಡಿದಿಟ್ಟಿದ್ದೆ. ಅವಳು ಶಾಟನ್ನು ಕತ್ತರಿಸಿದ ಜಾಗದಲ್ಲಿ ಆ ಮೌನವನ್ನು ಮುಂದಿನ ಶಾಟಿನ ಮೇಲೂ ಹರಿಸಿದಳು. ಅಜ್ಜಿ ತೆರೆಯ ಮೇಲೆ ಇಲ್ಲ, ಆದರೆ ಅಲ್ಲೇ ಇದ್ದಾಳೆ ಅನ್ನಿಸುತ್ತಿತ್ತು. ಪ್ರದರ್ಶನ ಆದ ಮೇಲೆ ಮೇಷ್ಟ್ರು ನಮ್ಮನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ‘ಯಾಕೆ?’ ಅಂತ ಕೇಳಿದರು. ಚೆನ್ನಾಗಿತ್ತು ಅನ್ನುವ ಉತ್ತರ ಅಲ್ಲಿ ನಡೆಯುವುದಿಲ್ಲ.

ಆ ‘ಯಾಕೆ’ಗಾಗಿ ಮೂರು ವರ್ಷ ಕೊಡಬಹುದು ಅಂತ ನಾನು ನಂಬುತ್ತೇನೆ.

ಪುಣೆಯ ಇನ್ನೊಂದು ಆಸ್ತಿ ಸಿನಿಮಾ ನೋಡುವುದು. ಹಳೆಯ ಪ್ರಭಾತ್ ಸ್ಟುಡಿಯೋ ಜಾಗದಲ್ಲಿ 1960ರಲ್ಲಿ ಶುರುವಾದ ಸಂಸ್ಥೆ ಅದು. ಅದೇ ಊರಲ್ಲಿ 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಬಂತು. ಪಿ.ಕೆ. ನಾಯರ್ ಅವರು ದೇಶವೆಲ್ಲಾ ಅಲೆದು ಹಳೆಯ ಫಿಲ್ಮ್ ಡಬ್ಬಿಗಳನ್ನು ಕೂಡಿಹಾಕಿದ ಜಾಗ. ಜಗತ್ತಿನ ಸಿನಿಮಾಗಳನ್ನು ದೊಡ್ಡ ತೆರೆಯ ಮೇಲೆ ನೋಡಿ, ಹೊರಗೆ ಮಾವಿನ ಮರದ ಕೆಳಗೆ ನಡುರಾತ್ರಿವರೆಗೆ ಜಗಳ ಆಡುತ್ತಿದ್ದೆವು. ಲ್ಯಾಪ್‌ಟಾಪಿನಲ್ಲಿ ಒಬ್ಬರೇ ನೋಡಿದರೆ ಆ ಜಗಳ ಇರುವುದಿಲ್ಲ.

ಇಂಗ್ಲಿಷಿನ ಬಗ್ಗೆ. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇರುವುದಿಲ್ಲ, ನಿಜ. ಓದಿ ಅರ್ಥ ಮಾಡಿಕೊಳ್ಳುವಷ್ಟು ಇಂಗ್ಲಿಷ್ ಬೇಕು, ನಿರರ್ಗಳವಾಗಿ ಮಾತಾಡುವಷ್ಟು ಬೇಕಿಲ್ಲ. ನನ್ನ ಹಾಸ್ಟೆಲಿನಲ್ಲಿ ಮಣಿಪುರದವರು, ಕೇರಳದವರು, ಬಿಹಾರದವರು ಎಲ್ಲಾ ಇದ್ದರು. ಎಲ್ಲರದ್ದೂ ಮುರುಕು ಇಂಗ್ಲಿಷು, ಮುರುಕು ಹಿಂದಿ. ನಮ್ಮವರೇ ಗಿರೀಶ್ ಕಾಸರವಳ್ಳಿಯವರು ಮಣಿಪಾಲದಲ್ಲಿ ಫಾರ್ಮಸಿ ಓದಿ ಪುಣೆಗೆ ಹೋದವರು. ಅವರ 1977ರ ‘ಘಟಶ್ರಾದ್ಧ’ಕ್ಕೆ ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಬಂತು. ತೀರ್ಥಹಳ್ಳಿ ಸೀಮೆಯವರು. ನಿಮ್ಮ ಜಿಲ್ಲೆಯವರೇ ಅಂತ ಅಪ್ಪನಿಗೆ ಹೇಳಿ!

ಅಮ್ಮನಿಗೆ ರೇಣು ಸಲೂಜಾ, ಬೀನಾ ಪಾಲ್ ಇಬ್ಬರ ಬಗ್ಗೆ ಹೇಳಿ. ಇಬ್ಬರೂ ಪುಣೆಯಲ್ಲಿ ಎಡಿಟಿಂಗ್ ಓದಿದವರು. ರೇಣು ಅವರಿಗೆ ‘ಪರಿಂದಾ’ ಚಿತ್ರದ ಎಡಿಟಿಂಗ್‌ಗೆ ರಾಷ್ಟ್ರಪ್ರಶಸ್ತಿ ಬಂತು. ಬೀನಾ ಅವರು ಮುಂದೆ ಕೇರಳದ ಅಂತರರಾಷ್ಟ್ರೀಯ ಚಿತ್ರೋತ್ಸವವನ್ನು ಬೆಳೆಸಿದರು. ಸಿನಿಮಾದ ಬೇರೆ ವಿಭಾಗಗಳಿಗೆ ಹೆಂಗಸರು ಕಾಲಿಡಲು ಕಷ್ಟವಿದ್ದ ಕಾಲದಲ್ಲೂ ಎಡಿಟಿಂಗ್ ಟೇಬಲ್ ಮುಂದೆ ಅವರು ಗಟ್ಟಿಯಾಗಿ ಕೂತಿದ್ದರು.

ಇಷ್ಟೆಲ್ಲಾ ಹೇಳಿದೆ ಅಂತ ಕರ್ನಾಟಕದಲ್ಲಿ ಕಲಿಕೆ ಇಲ್ಲ ಅಂತ ತಿಳಿಯಬೇಡಿ. ಪುಣೆ ಸಂಸ್ಥೆ ಹುಟ್ಟುವುದಕ್ಕೂ ಮುಂಚೆ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿಸುತ್ತಿದ್ದರು. ಮೈಸೂರಿನ ವಿ.ಕೆ. ಮೂರ್ತಿಯವರು 1946ರಲ್ಲಿ ಅಲ್ಲಿ ಡಿಪ್ಲೊಮಾ ಮಾಡಿದರು. 1959ರ ಹಿಂದಿ ಚಿತ್ರ ‘ಕಾಗಜ್ ಕೆ ಫೂಲ್’ನಲ್ಲಿ ಸ್ಟುಡಿಯೋ ಒಳಗೆ ಸೂರ್ಯನ ಬೆಳಕನ್ನು ಕನ್ನಡಿಯಿಂದ ತಂದು ಕಂಬದಂತೆ ನಿಲ್ಲಿಸಿದವರು ಅವರೇ. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. ಮುಂದೆ ನಿರ್ದೇಶಕರಾದ ಗೋವಿಂದ ನಿಹಲಾನಿಯವರೂ ಆ ಪಾಲಿಟೆಕ್ನಿಕ್‌ನಲ್ಲೇ ಓದಿದವರು. ಆ ಪರಂಪರೆ ಈಗ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಮತ್ತು ಟಿವಿ ಸಂಸ್ಥೆಯಲ್ಲಿದೆ. ಆದರೆ ಅದರ ಹೆಸರು ಕ್ಯಾಮೆರಾ ಮತ್ತು ಸೌಂಡ್‌ಗೆ, ನಿಮ್ಮ ಆಸೆ ಎಡಿಟಿಂಗ್. ಅದಕ್ಕೇ ಪುಣೆ, ಕೋಲ್ಕತ್ತಾ ಅಂದೆ.

ಕಟ್ಟಿಂಗ್ ರೂಮ್ ಉತ್ತರಿಸಿದ್ದು:

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೂ ನನ್ನದು ಬೇರೆ ದಾರಿ. ಯಾವ ಸ್ಕೂಲಿಗೂ ಹೋಗದೆ ಸೀರಿಯಲ್ ಎಡಿಟರ್ ಆದವಳು ನಾನು.

ದಿನದ ಸೀರಿಯಲ್ ಅಂದರೆ ಅರ್ಧ ಗಂಟೆಯ ಜಾಗದಲ್ಲಿ ಜಾಹೀರಾತು ಬಿಟ್ಟು ಸುಮಾರು 22 ನಿಮಿಷ. ವಾರಕ್ಕೆ ಐದಾರು ಸಲ. ಸೆಟ್‌ನಿಂದ ಸಂಜೆ ಶೂಟ್ ಆದದ್ದರ ಹಾರ್ಡ್ ಡ್ರೈವ್ ಬಂದರೆ ಬೆಳಗ್ಗೆಯೊಳಗೆ ಕಟ್ ಆಗಬೇಕು. ಕೈ ವೇಗವಾಗುತ್ತದೆ. ಯಾವ ನಟಿಗೆ ಯಾವ ಕಡೆಯ ಮುಖ ಒಪ್ಪುತ್ತದೆ, ಅತ್ತೆಯ ಪಾತ್ರ ತಿರುಗುವ ಮುಂಚೆ ಎಷ್ಟು ಫ್ರೇಮ್ (ವಿಡಿಯೋದ ಒಂದೊಂದು ಬಿಡಿ ಚಿತ್ರ) ಬಿಡಬೇಕು ಎಲ್ಲಾ ಬೆರಳಿಗೇ ಗೊತ್ತಾಗುತ್ತದೆ. ಆದರೆ ಬೂಮ್ ಕೋಲು ಹೇಳಿದ ಆ ‘ಯಾಕೆ’ ಅಂತ ಕೇಳುವವರು ಇಲ್ಲಿ ಇಲ್ಲ. ಕೇಳಲು ಸಮಯವೂ ಇಲ್ಲ. ವರ್ಷಗಟ್ಟಲೆ ಒಂದೇ ಥರ ಕಟ್ ಮಾಡಿ, ಬೇರೆ ಥರ ಯೋಚಿಸಲು ಮತ್ತೆ ಕಲಿಯಬೇಕಾಗಿ ಬಂದವರನ್ನು ನೋಡಿದ್ದೇನೆ.

ರಾತ್ರಿ ಪಾಳಿ ಇದ್ದೇ ಇರುತ್ತದೆ. ಸೇರುವ ಮುಂಚೆ ಮೂರು ವಿಷಯ ಕೇಳಿ: ರಾತ್ರಿ ಮನೆಗೆ ಬಿಡಲು ಗಾಡಿ ಇದೆಯಾ, ಎಡಿಟಿಂಗ್ ರೂಮಿನಲ್ಲಿ ಇನ್ನೊಬ್ಬರು ಹೆಂಗಸರು ಇರುತ್ತಾರಾ, ಸಂಬಳ ತಿಂಗಳಿಗೋ ಎಪಿಸೋಡಿಗೋ. ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ನನಗೆ ಒಂದು ಕಡೆ ಎಪಿಸೋಡ್ ಲೆಕ್ಕದ ದುಡ್ಡು ತಿಂಗಳುಗಟ್ಟಲೆ ಬರಲಿಲ್ಲ. ವಾಟ್ಸಾಪ್ ಸಂದೇಶ ಇದ್ದದ್ದರಿಂದ ಕೊನೆಗೆ ಬಂತು.

ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುವ ತಿಂಗಳುಗಳಲ್ಲಿ ಬನ್ನಿ, ಕೆಲಸ ನೋಡಿ. ಅಲ್ಲೇ ಉಳಿದುಬಿಡಬೇಡಿ.

ಪಾಠದ ಮೇಜು ಉತ್ತರಿಸಿದ್ದು:

ನಾನು ಒಂದು ವಿಶ್ವವಿದ್ಯಾಲಯದ ಮಾಧ್ಯಮ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಎಂಎ ಪತ್ರಿಕೋದ್ಯಮ ಒಳ್ಳೆಯ ಓದು. ಸುದ್ದಿ, ಭಾಷೆ, ಕಾನೂನು, ಸಂಶೋಧನೆ ಕಲಿಯುತ್ತೀರಿ. ಟಿವಿ ಸುದ್ದಿ ವಾಹಿನಿಗೆ ಹೋಗುವವರಿಗೆ ಅದೇ ಸರಿ. ಆದರೆ ಅದು ಎಡಿಟಿಂಗ್ ಕೋರ್ಸ್ ಅಲ್ಲ. ವಿಡಿಯೋ ಅದರ ಒಂದು ತುಂಡು ಮಾತ್ರ.

ಯಾವ ವಿಭಾಗಕ್ಕೇ ಹೋಗಿ, ಸೇರುವ ಮುಂಚೆ ಒಂದು ದಿನ ಹೋಗಿ ನೋಡಿ. ಪ್ರಾಧ್ಯಾಪಕರ ಕೊಠಡಿಗಲ್ಲ, ಲ್ಯಾಬಿಗೆ. ಎಡಿಟಿಂಗ್ ಕಂಪ್ಯೂಟರ್‌ಗಳ ಮೇಲೆ ಧೂಳಿದೆಯಾ? ಬೀಗದ ಕೈ ಯಾರ ಹತ್ತಿರ ಇದೆ, ಸಂಜೆ ಐದರ ಮೇಲೆ ತೆರೆದಿರುತ್ತದಾ? ಎರಡನೇ ವರ್ಷದವರನ್ನು ಹಿಡಿದು, ನೀವು ಮಾಡಿದ್ದು ತೋರಿಸಿ ಅನ್ನಿ. ಅವರು ಫೋನ್ ತೆಗೆದು ತಮ್ಮದೇ ಚಿತ್ರ ತೋರಿಸಿದರೆ ಒಳ್ಳೆಯ ಲಕ್ಷಣ. ಅಂಕಪಟ್ಟಿಯ ಬಗ್ಗೆ ಮಾತಾಡಿದರೆ ಯೋಚನೆ ಮಾಡಿ. ನಮ್ಮ ಎಷ್ಟೋ ವಿಭಾಗಗಳಲ್ಲಿ ಮಕ್ಕಳು ಕ್ಯಾಮೆರಾದ ಭಾಗಗಳ ಚಿತ್ರ ಬರೆದು ಪಾಸಾಗುತ್ತಾರೆ, ಕ್ಯಾಮೆರಾ ಮುಟ್ಟಿರುವುದಿಲ್ಲ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ತುಂಗಾತೀರ ಮತ್ತೆ ಬರೆದದ್ದು:

ಮೂವರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಎಲ್ಲಾ ಓದಿ ಹೇಳಿದೆ. ಕಾಸರವಳ್ಳಿಯವರ ಮಾತು ಬಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ‘ಪರೀಕ್ಷೆ ಬರಿ, ಎಂಎ ಅರ್ಜಿಯನ್ನೂ ಹಾಕು’ ಅಂದಿದ್ದಾರೆ. ಎರಡನ್ನೂ ಮಾಡುತ್ತೇನೆ. ಸಂದರ್ಶನದ ಹೊತ್ತಿಗೆ ತೋರಿಸಲು ಆ ನಾಟಕ ಸಾಕಾ? ತುಟಿ ಮಾತು ಹೊಂದದ ಸಮಸ್ಯೆ ಇನ್ನೂ ಹಾಗೇ ಇದೆ.

ಬೂಮ್ ಕೋಲು ಉತ್ತರಿಸಿದ್ದು:

ಅಯ್ಯೋ, ಆ ಪ್ರಶ್ನೆ ಹಾಗೇ ಉಳಿದಿತ್ತು ಅಲ್ವಾ.

ಮೊಬೈಲ್ ಕ್ಯಾಮೆರಾಗಳು ಒಂದೇ ವೇಗದಲ್ಲಿ ಫ್ರೇಮ್ ಹಿಡಿಯುವುದಿಲ್ಲ. ಬೆಳಕು ಕಡಿಮೆಯಾದರೆ, ಫೋನ್ ಬಿಸಿಯಾದರೆ ಫ್ರೇಮ್ ಸಂಖ್ಯೆ ಏರಿಳಿಯುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್ ಒಂದೇ ವೇಗ ಅಂತ ನಂಬಿಕೊಂಡು ಲೆಕ್ಕ ಹಾಕುತ್ತದೆ. ವ್ಯತ್ಯಾಸ ಸ್ವಲ್ಪಸ್ವಲ್ಪವೇ ಕೂಡುತ್ತಾ ಹೋಗಿ ಕೊನೆಯಲ್ಲಿ ಕಾಣುತ್ತದೆ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಎರಡೂ ಫೈಲುಗಳನ್ನು ಸ್ಥಿರ ಫ್ರೇಮ್ ವೇಗಕ್ಕೆ, ಅಂದರೆ ಸೆಕೆಂಡಿಗೆ 25 ಫ್ರೇಮ್‌ಗೆ, ಬದಲಿಸಿಕೊಂಡು ಮತ್ತೆ ಜೋಡಿಸಿ. ಸೌಂಡನ್ನು 48 ಕಿಲೋಹರ್ಟ್ಸ್‌ನಲ್ಲಿ ಇಡಿ. ಆಮೇಲೂ ಒಂದೆರಡು ಫ್ರೇಮ್ ಜಾರಿದರೆ, ಚಪ್ಪಾಳೆಯೋ ಬಾಗಿಲು ಬಡಿದ ಸದ್ದೋ ಇರುವ ಕಡೆ ಕತ್ತರಿಸಿ ಮತ್ತೆ ಹೊಂದಿಸಿ. ಮುಂದಿನ ಸಲ ಶುರುವಿನಲ್ಲೂ ಕೊನೆಯಲ್ಲೂ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ತಟ್ಟಿಸಿ. ಟ್ಯೂಬ್‌ಲೈಟ್ ಕೆಳಗೆ ಶೂಟ್ ಮಾಡುವುದಾದರೆ ಕ್ಯಾಮೆರಾದ ಶಟರ್ ವೇಗ 1/50 ಸೆಕೆಂಡಿಗೆ ಇಡಿ, ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಮಿಣುಕುವುದು ನಿಲ್ಲುತ್ತದೆ.

ತೋರಿಸಲು ಇಡೀ ನಾಟಕ ಬೇಡ. ತಾಯಿ, ಮಗನ ಆ ಒಂದು ದೃಶ್ಯ ಸಾಕು. ಅದರದ್ದೇ ಎರಡು ರೂಪ ಮಾಡಿ. ಒಂದರಲ್ಲಿ ತಾಯಿಯ ಮುಖ, ಇನ್ನೊಂದರಲ್ಲಿ ಮಗನ ಮುಖ. ಎರಡನ್ನೂ ಒಂದಾದ ಮೇಲೊಂದು ತೋರಿಸಿ, ಎರಡನೆಯದನ್ನು ಯಾಕೆ ಆರಿಸಿದೆ ಅಂತ ನಿಮ್ಮ ಮಾತಲ್ಲೇ ಹೇಳಿ. ಫೈಲಿನ ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಪೆನ್‌ಡ್ರೈವ್‌ನಲ್ಲಿ, ಒಂದು ಆನ್‌ಲೈನ್ ಡ್ರೈವ್‌ಗೆ ಅಪ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಕಟ್ ಆದ ಮೇಲೆ ಲಿಂಕ್ ಇಲ್ಲೇ ಹಾಕಿ. ಹೆಡ್‌ಫೋನ್ ಹಾಕಿಕೊಂಡು ಕೇಳಿ ಸೌಂಡ್ ಬಗ್ಗೆ ಬರೆಯುತ್ತೇನೆ.