ಅಪ್‌ಡೇಟ್: ನಮ್ಮ ಸಂಜೆ ತರಗತಿ ಈಗ ಅಡಿಕೆ ಚಪ್ಪರದಲ್ಲಿ

ಮೂರು ವಾರದ ಹಿಂದೆ ಇಲ್ಲೇ ನಿಮ್ಮನ್ನು ಕೇಳಿದ್ದೆ: ಶಿರಸಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಕಾಲೇಜು ಕ್ಲಬ್ ನಡೆಸುವ ಅಕ್ಷರ ತರಗತಿಗೆ ಹೆಂಗಸರು ಇದ್ದಕ್ಕಿದ್ದಂತೆ ಬರುತ್ತಿಲ್ಲ, ಏನು ಮಾಡೋಣ ಅಂತ.

ಕಾರಣ ಅಡಿಕೆ ಕೊಯ್ಲು. ಕೆಂಪಡಿಕೆಗೆ ಹಸಿ ಅಡಿಕೆಯನ್ನು ಬೇಗ ಸುಲಿದು ಬೇಯಿಸಬೇಕು. ಹಾಗಾಗಿ ಸಂಜೆ ಎಲ್ಲರೂ ತೋಟದ ಮನೆಯ ಚಪ್ಪರದಲ್ಲಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ. ಸುಲಿದಷ್ಟು ಕೂಲಿ. ಅದನ್ನು ಬಿಟ್ಟು ಅ ಆ ಇ ಈ ಕಲಿಯಲು ಯಾರು ಬರುತ್ತಾರೆ, ಅಲ್ವಾ?

ತರಗತಿ ಭಾನುವಾರ ಬೆಳಿಗ್ಗೆ ಇಡಿ ಅಂದಿರಿ, ಇಬ್ಬರು ಬಂದರು. ಅವಲಕ್ಕಿ, ಚಹಾ ಕೊಡಿ ಅಂದಿರಿ, ಮಕ್ಕಳು ಬಂದು ಖಾಲಿ ಮಾಡಿದರು. 'ನೀವೇ ಚಪ್ಪರಕ್ಕೆ ಹೋಗಿ' ಅಂದವರಿಗೆ ದೊಡ್ಡ ನಮಸ್ಕಾರ! ತೋಟದ ಮನೆಯವರನ್ನು ಕೇಳಿ ಕಂಬಕ್ಕೆ ಕಪ್ಪು ಹಲಗೆ ಕಟ್ಟಿದೆವು. ಕೈ ಸುಲಿಯುತ್ತದೆ, ಕಣ್ಣು ಓದುತ್ತದೆ. ಬರೆಯುವುದು ಚಹಾ ಹೊತ್ತಿಗೆ ಹತ್ತೇ ನಿಮಿಷ. ನೋಟ್‌ಬುಕ್ಕಿನ ತುಂಬ ಅಡಿಕೆ ಕಲೆ.

ಲೆಕ್ಕ ಕಲಿಸಲು ಹೋಗಿ ನಾವೇ ಪೆದ್ದರಾದೆವು. ಅವರು ಸುಲಿದ ಅಡಿಕೆ ಎಷ್ಟು ಡಬ್ಬ ಆಯಿತು ಅಂತ ಇದ್ದಿಲಲ್ಲಿ ಗೋಡೆಗೆ ಗೀರು ಹಾಕಿ, ಕೂಲಿಯನ್ನು ಬಾಯಲ್ಲೇ ಹೇಳುತ್ತಾರೆ. ಈಗ ಆ ಗೀರಿನ ಪಕ್ಕ ಹೆಸರು, ಅಂಕಿ ಬರೆಯುವುದೇ ಪಾಠ. ಹೋದ ವಾರ ಒಬ್ಬರು ಅಕ್ಕ ಕೂಲಿ ಚೀಟಿ ಓದಿ, ಅದರಲ್ಲಿ ತಾವು ಸುಲಿದ ಒಂದು ಡಬ್ಬ ಬಿಟ್ಟುಹೋದದ್ದನ್ನು ಹಿಡಿದರು. ಚಪ್ಪರವೆಲ್ಲ ನಗು.

ಇನ್ನೊಂದು, 2022ರಲ್ಲಿ ಶುರುವಾದ ಕೇಂದ್ರದ ಉಲ್ಲಾಸ್ ಯೋಜನೆ 15 ವರ್ಷ ದಾಟಿದ, ಓದು ಬಾರದವರಿಗೇ ಇರುವುದು. ವಿದ್ಯಾರ್ಥಿಗಳೂ ಸ್ವಯಂಸೇವಕರಾಗಿ ಕಲಿಸಬಹುದು. ನಮಗೆ ತಡವಾಗಿ ಗೊತ್ತಾಯಿತು.

ಕೊಯ್ಲು ಮುಗಿದ ಮೇಲೆ ಎಲ್ಲಿ ಕೂರುವುದು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಹೆಂಗಸರಂತೂ ಚಪ್ಪರವೇ ಇರಲಿ ಅನ್ನುತ್ತಿದ್ದಾರೆ.